ಪಿಕಪ್ ಬದಲಾಯಿಸಿದ ಬೇಸಿಗೆ

ಕಳೆದ ವಾರ ಜಮಖಂಡಿಯಲ್ಲಿ ಒಂದು ಮೊಬೈಲ್ ರಿಪೇರಿ ಅಂಗಡಿಯ ಮುಂದೆ ಅರ್ಧ ತಾಸು ಕೂತಿದ್ದೆ. ಒಳಗೆ ಒಬ್ಬ ಹೆಣ್ಣುಮಗಳು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಬೆಸುಗೆ ಹಾಕುತ್ತಿದ್ದಳು. ರಾಳ ಸುಟ್ಟ ಹೊಗೆ ಗಾಜಿನ ಕಿಂಡಿಯಿಂದ ಹೊರಗೆ ಬಂದು ಮೂಗಿಗೆ ತಾಕಿತು. ಬೇರೆಯವರಿಗೆ ಅದು ಬರೀ ಕಮಟು ವಾಸನೆ. ನನಗೆ ಬನಹಟ್ಟಿಯ ನಮ್ಮ ಸಣ್ಣ ಮನೆ ನೆನಪಾಯಿತು, ಒಂದು ಕೆಟ್ಟ ಬೇಸಿಗೆ ನೆನಪಾಯಿತು, ಹೊಟ್ಟೆ ಬಗೆಸಿಕೊಂಡು ಚಾಪೆಯ ಮೇಲೆ ಬಿದ್ದಿದ್ದ ಕೆಂಪು ಗಿಟಾರ್ ನೆನಪಾಯಿತು. ಆ ಬೇಸಿಗೆಯನ್ನು ನೆನೆದರೆ ಈಗಲೂ ಮೊದಲು ದಣಿವು ಬರುತ್ತದೆ. ಉಳಿದದ್ದೆಲ್ಲ ಆಮೇಲೆ.

ನಾನಾಗ ಬನಹಟ್ಟಿಯ ಒಂದು ಶೆಡ್ಡಿನಲ್ಲಿ ಜಾಬರ್. ಜಾಬರ್ ಅಂದರೆ ವಿದ್ಯುತ್ ಮಗ್ಗ ಕೆಟ್ಟಾಗ ಸರಿಮಾಡುವವನು. ಕೆಡದೆ ಇದ್ದಾಗ ಅವನೂ ನೇಯುವವನೇ. ನನ್ನ ಹೆಂಡತಿ ಕಸ್ತೂರಿ ಅದೇ ಶೆಡ್ಡಿನ ಮೂಲೆಯಲ್ಲಿ ಕಂಡಿಕೆ ಸುತ್ತುತ್ತಿದ್ದಳು, ಲಾಳಿಯೊಳಗೆ ಕೂರಿಸುವ ನೂಲಿನ ಸುರುಳಿ ಅದು. ಮದುವೆಯಾಗಿ ಏಳೆಂಟು ವರ್ಷ ಇಬ್ಬರೂ ಅದೇ ಖಟಾಖಟದಲ್ಲಿ ಕಳೆದಿದ್ದೆವು. ಅಲ್ಲಿ ಮಾತು ಕೇಳುವ ಪದ್ಧತಿಯೇ ಇಲ್ಲ. ತುಟಿ ನೋಡಬೇಕು, ಕೈ ನೋಡಬೇಕು. ಎರಡು ಬೆರಳು ಎತ್ತಿದರೆ ಚಹಾ, ಕತ್ತಿನ ಮೇಲೆ ಕೈ ಎಳೆದರೆ ಎಳೆ ಹರಿಯಿತು ಅಂತ. ಇಪ್ಪತ್ತು ಮಾರು ದೂರದಿಂದ ಕಸ್ತೂರಿ ನನ್ನನ್ನು ಬೈದದ್ದು ಸಹ ನನಗೆ ಅಕ್ಷರ ಅಕ್ಷರ ತಿಳಿಯುತ್ತಿತ್ತು.

ಗಿಟಾರ್ ನನ್ನ ಇನ್ನೊಂದು ಕಸುಬು. ಸಾಂಗ್ಲಿಯ ಕಡೆಯ ಒಂದು ಆರ್ಕೆಸ್ಟ್ರಾ ಮುರಿದಾಗ ಹಳೆಯದು ಕೊಂಡಿದ್ದೆ, ನಾನೇ ಕಲಿತಿದ್ದೆ. ಲಗ್ನದ ಸುಗ್ಗಿಯಲ್ಲಿ ಜಮಖಂಡಿಯ ಶಂಕರ ಮಾಸ್ತರ ಪಾರ್ಟಿಯ ಜೊತೆ ಬಾರಿಸಲು ಹೋಗುತ್ತಿದ್ದೆ. ಮುಧೋಳ, ಬೀಳಗಿ, ಹಳ್ಳಿ ಹಳ್ಳಿಯ ಹಂದರ. ಮಾಸ್ತರು ಹಾಡುತ್ತಿದ್ದರು, ಗಲಗಲಿಯ ಬೀರಪ್ಪ ಢೋಲಕ್ ಬಾರಿಸುತ್ತಿದ್ದ. ಬೀರಪ್ಪನದು ಕುರಿ ಕಾಯುವ ಮನೆತನ. ಬೀರೇಶ್ವರನ ಗುಡಿಯ ಮುಂದೆ ಡೊಳ್ಳು ಬಾರಿಸಿ ಕೈ ಕುದುರಿದ್ದ.

ಆ ವರ್ಷ ಶಿವರಾತ್ರಿಯ ಹೊತ್ತಿಗೆ ಮಾಸ್ತರು ನನ್ನನ್ನು ಕರೆಸಿ ಹೇಳಿದರು:

"ಈರಣ್ಣ, ಈ ಸುಗ್ಗಿ ನೆಟ್ಟಗ ಬಾರ್ಸಿದ್ರ ನಿನ್ನ ಕಾಯಂ ಮಾಡ್ಕೋತೇನಿ. ವರ್ಷಾ ಪೂರ್ತಿ ಪಗಾರ. ಮಗ್ಗ ಬಿಟ್ಟು ಬಾ. ಆದ್ರ ಮೊದಲ ಆ ಗಿಟಾರ್ ರಿಪೇರಿ ಮಾಡ್ಕೋ. ಹೋದ ಸುಗ್ಗ್ಯಾಗ ಅದರ ದನಿ ಸರಿ ಇರಲಿಲ್ಲ."

ಸರಿ ಇಲ್ಲ ಅನ್ನುವುದು ನನಗೇ ಗೊತ್ತಿತ್ತು. ಎರಡು ವರ್ಷದಿಂದ ಅದರ ದನಿ ಮಬ್ಬಾಗುತ್ತಾ ಬಂದಿತ್ತು. ಸಣ್ಣ ತಂತಿಯ ಆ ಕಿಣಿಕಿಣಿ ಹೋಗಿ, ಕಂಬಳಿ ಹೊದಿಸಿ ಬಾರಿಸಿದ ಹಾಗೆ ಆಗಿತ್ತು. ಟೋನಿನ ಗುಂಡಿಯನ್ನು ಪ್ರತಿ ಕಾರ್ಯಕ್ರಮದಲ್ಲೂ ಸ್ವಲ್ಪ ಸ್ವಲ್ಪ ತಿರುಗಿಸಿ ತಿರುಗಿಸಿ ಕೊನೆ ಮುಟ್ಟಿಸಿದ್ದೆ. ಇನ್ನು ತಿರುಗಲು ಜಾಗವಿರಲಿಲ್ಲ.

ಮಾಸ್ತರ ಪಗಾರ ಜಾಬರ್ ಪಗಾರದಷ್ಟು ಇರಲಿಲ್ಲ. ನಾನು ಶೆಡ್ಡು ಬಿಟ್ಟರೆ ಕಸ್ತೂರಿ ಬಿಡುವ ಹಾಗಿರಲಿಲ್ಲ. ಆದರೂ ಅವಳೇ ಮೊದಲು ಹೂಂ ಅಂದಳು. "ಹೋಗ್ರಿ. ಇಬ್ಬರಾಗ ಒಬ್ಬರರೆ ಆ ಗದ್ದಲ ಬಿಟ್ಟು ಹೊರಗ ಬೀಳ್ರಿ," ಅಂದಳು. ಆ ರಾತ್ರಿ ಸಂತೋಷಕ್ಕೆ ನನಗೆ ಊಟ ಸೇರಲಿಲ್ಲ.

ಗಿಟಾರಿನ ಪಿಕಪ್ ಅಂದರೆ ದೊಡ್ಡ ಮಾಯೆಯೇನಲ್ಲ. ತಂತಿಯ ಕೆಳಗೆ ಕೂರುವ ಅಯಸ್ಕಾಂತ, ಅದರ ಸುತ್ತ ಕೂದಲಿಗಿಂತ ಸಣ್ಣ ತಾಮ್ರದ ತಂತಿಯ ಸಾವಿರಾರು ಸುತ್ತು. ಮೇಲೆ ತಂತಿ ನಡುಗಿದರೆ ಒಳಗೆ ಕರೆಂಟು ಹುಟ್ಟುತ್ತದೆ, ಅದು ಆಂಪ್ಲಿಫೈಯರಿಗೆ ಹೋಗಿ ದನಿಯಾಗುತ್ತದೆ. ಅಯಸ್ಕಾಂತ ಸತ್ತಿದೆ ಎಂದು ನಾನೇ ತೀರ್ಮಾನ ಕೊಟ್ಟೆ. ಮಗ್ಗದವರ ಬುದ್ಧಿ ಹಾಗೆಯೇ: ಬಟ್ಟೆ ಕೆಟ್ಟು ಬಂದರೆ ಮೊದಲು ಮಗ್ಗ ಬಿಚ್ಚುತ್ತೇವೆ. ಮಿರಜಿಗೆ ಹೋಗಿ ಮೂರು ಹೊಸ ಪಿಕಪ್ ತಂದೆ. ಅಂಗಡಿಯವನು ಒಂದು ಚೀಟಿಯ ಹಿಂದೆ ನಕ್ಷೆ ಬರೆದುಕೊಟ್ಟ. ಯಾವ ತಂತಿ ಸ್ವಿಚ್ಚಿಗೆ, ಯಾವುದು ವಾಲ್ಯೂಮಿನ ಬೆನ್ನಿಗೆ ಅಂತ.

ಹಾಕುವುದೇ ಕಷ್ಟವಾಯಿತು, ಕಾರಣ ಕರೆಂಟು. ಆ ಬೇಸಿಗೆಯಲ್ಲಿ ಅದು ಬಂದಾಗ ಬರುತ್ತಿತ್ತು, ಹೋದಾಗ ಹೋಗುತ್ತಿತ್ತು. ಕರೆಂಟು ಬಂದ ಕೂಡಲೇ ಓಣಿಯ ಮಗ್ಗಗಳೆಲ್ಲ ಒಟ್ಟಿಗೆ ಎದ್ದು ನನ್ನನ್ನು ಕರೆಯುತ್ತಿದ್ದವು. ಹೋದಾಗ ನಾನು ಮನೆಗೆ ಓಡಿ ಬಂದರೆ, ಬೆಸುಗೆಯ ಐರನ್ ಹೇಗೆ ಕಾಯಬೇಕು? ಹಲ್ಲು ಇದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲು ಇಲ್ಲ. ಕೊನೆಗೆ ಪಾಳಿ ಬದಲಾಗುವ ಹೊತ್ತಿನಲ್ಲಿ ಸಿಕ್ಕ ಹತ್ತಿಪ್ಪತ್ತು ನಿಮಿಷ ಕದ್ದು ಮಾಡಿದೆ. ಹನ್ನೆರಡು ತಾಸು ನಿಂತ ಕಾಲು, ಎಣ್ಣೆ ಹತ್ತಿದ ಕೈ, ಬೆವರಿಗೆ ಉರಿಯುವ ಕಣ್ಣು. ತಂತಿಗಳನ್ನು ಸಡಿಲಿಸಿ, ಮೇಲಿನ ಬಿಳಿ ತಗಡು ಎತ್ತಿ ಮಗುಚಿಟ್ಟು, ಹಳೆಯ ಬೆಸುಗೆ ಕರಗಿಸಿ ತೆಗೆಯುವುದಕ್ಕೇ ನಾಲ್ಕು ದಿನ ಹಿಡಿಯಿತು.

ಬೆಸುಗೆಯಲ್ಲಿ ಅವಸರ ನಡೆಯುವುದಿಲ್ಲ. ಮೊದಲು ಜಾಗ ಕಾಯಬೇಕು, ಆಮೇಲೆ ಸೀಸ ತಾನೇ ಹರಿದು ಕೂರಬೇಕು. ತಣಿದ ಮೇಲೆ ಹನಿ ಹೊಳೆದರೆ ಒಳ್ಳೆಯದು. ಬೂದಿ ಬಣ್ಣಕ್ಕೆ ತಿರುಗಿದರೆ ಒಣ ಬೆಸುಗೆ, ಇವತ್ತಲ್ಲ ನಾಳೆ ಬಿಡುತ್ತದೆ. ವಾಲ್ಯೂಮ್ ಕಂಟ್ರೋಲಿನ ಬೆನ್ನು ಕಾಯುವಷ್ಟರಲ್ಲಿ ಎರಡು ಸಲ ಕರೆಂಟು ಹೋಗಿ, ಎರಡು ಸಲ ಬೂದಿ ಬಣ್ಣದ ಗಂಟು ಉಳಿಯಿತು. ಮೂರನೆಯ ಸಲ ಕೊಡ, ಡಬ್ಬಿ ಬೆಸೆಯುವವನ ಹತ್ತಿರ ತಾಮ್ರದ ಮೂತಿಯ ಕಬ್ಬಿಣದ ಸಲಾಕೆ ಕೇಳಿ ತಂದು ಕಸ್ತೂರಿಯ ಒಲೆಯಲ್ಲಿ ಕೆಂಪಗೆ ಕಾಯಿಸಿದೆ. "ರೊಟ್ಟಿ ಬಡೀಲೋ, ನಿಮ್ಮ ಕಬ್ಬಿಣ ಸುಡ್ಲೋ?" ಅಂದಳು. ಆದರೂ ರೊಟ್ಟಿ ನಿಲ್ಲಿಸಿ ಒಲೆ ಊದಿದಳು.

ಮೂರನೆಯ ಪಿಕಪ್ ಕೂರಿಸುವಾಗ ನನ್ನ ದಪ್ಪ ಬೆರಳು ತಾಗಿ ಒಳಗಿನ ಸಣ್ಣ ತಂತಿ ಕಟ್ಟಾಯಿತು. ತುದಿ ಎಲ್ಲಿ ಹೋಯಿತೋ ಕಾಣಲೇ ಇಲ್ಲ. ನಾನು ತಲೆಯ ಮೇಲೆ ಕೈ ಹೊತ್ತು ಕೂತೆ. ಮಿರಜಿಗೆ ಮತ್ತೆ ಹೋಗಲು ರಜೆಯೂ ಇರಲಿಲ್ಲ, ಮೈಯಲ್ಲಿ ಕಸುವೂ ಇರಲಿಲ್ಲ. ಕಸ್ತೂರಿ ಬಂದು ನನ್ನನ್ನು ಆಚೆ ಸರಿಸಿದಳು.

"ಸರೀರಿ. ನೂಲಾದ್ರೇನು, ತಾಮ್ರಾದ್ರೇನು. ಹರದದ್ದ ಎಳಿ ತುದಿ ಎಲ್ಲಿರತೈತಿ ನಂಗೊತ್ತು."

ತೋರುಬೆರಳಿಗೆ ಉಗುಳು ಹಚ್ಚಿ ಸುರುಳಿಯ ಮೇಲೆ ಮೆಲ್ಲಗೆ ಆಡಿಸಿದಳು. ಕಣ್ಣು ಮುಚ್ಚಿದ್ದಳು. ಸ್ವಲ್ಪ ಹೊತ್ತಿಗೆ ಬೆರಳಿಗಂಟಿ ತುದಿ ಮೇಲೆ ಬಂತು. ಅರ್ಧ ಸುತ್ತು ಬಿಚ್ಚಿ ಹಿಡಿದುಕೊಂಡಳು. ನಾನು ಅದರ ಮೇಲಿನ ವಾರ್ನಿಷ್ ಕೆರೆದು ಬೆಸುಗೆ ಹಾಕಿದೆ. ಹನಿ ಬೆಳ್ಳಗೆ ಹೊಳೆಯಿತು. ನಮ್ಮಿಬ್ಬರ ತಲೆ ಅಷ್ಟು ಹತ್ತಿರ ಬಂದು ಎಷ್ಟು ದಿನವಾಗಿತ್ತೋ. ಇಬ್ಬರ ಕೂದಲಲ್ಲೂ ಹತ್ತಿಯ ಧೂಳಿತ್ತು.

ತಂತಿ ಬಿಗಿದು ಬಾರಿಸಿದೆ. ಮಬ್ಬು. ಹಳೆಯದರಷ್ಟೇ ಮಬ್ಬು.

ಮತ್ತೆ ಬಿಚ್ಚಿದೆ, ಒಂದೊಂದೇ ಬೆಸುಗೆಯನ್ನು ಕರಗಿಸಿ ಹೊಸದಾಗಿ ಹಾಕಿದೆ. ಆದರೂ ಅದೇ ದನಿ. ಅಮಾವಾಸ್ಯೆಗೆ ನಮ್ಮಲ್ಲಿ ಮಗ್ಗಕ್ಕೆ ರಜೆ. ಆ ದಿನ ಶೆಡ್ಡಿನ ಗೆಳೆಯರನ್ನು ಮನೆಗೆ ಕರೆದು ಪಂಚಾಯಿತಿ ಕೂರಿಸಿದೆ. ಆರು ಮಂದಿ, ಎಲ್ಲರೂ ಹದಿನೈದು ಇಪ್ಪತ್ತು ವರ್ಷ ಮಗ್ಗದ ಮುಂದೆ ನಿಂತವರು. ಚಹಾ ಕುಡಿದು, ಕೇಳಿ, ಒಬ್ಬರ ಮುಖ ಒಬ್ಬರು ನೋಡಿ ತೀರ್ಪು ಕೊಟ್ಟರು: "ಇನ್ನಷ್ಟ ಚುರುಕ ಆಗಬೇಕು ಬಿಡಪಾ." ಕಸ್ತೂರಿಯೂ ಹೌದೆಂದಳು. ಚುರುಕು ತಡೆಯುವುದು ಟೋನಿನ ಕಂಡೆನ್ಸರ್ ಎಂದು ನನಗೆ ಗೊತ್ತಿತ್ತು. ಅದನ್ನು ಕತ್ತರಿಸಿ ಎಸೆದೆ. ಪಿಕಪ್ಪುಗಳನ್ನು ಸ್ಕ್ರೂ ತಿರುಗಿಸಿ ತಂತಿಗೆ ತಾಕುವಷ್ಟು ಎತ್ತರಿಸಿದೆ. ಆಂಪ್ಲಿಫೈಯರಿನ ಚುರುಕಿನ ಗುಂಡಿಯನ್ನೂ ಕೊನೆಗೆ ತಿರುಗಿಸಿದೆ. ಆಗ ಎಲ್ಲೋ ದೂರದಿಂದ ನನ್ನ ಹಳೆಯ ಕಿಣಿಕಿಣಿ ಸ್ವಲ್ಪ ಬಂದಂತಾಯಿತು. "ಈಗ ಛಲೋ ಆತು," ಅಂದರು ಎಲ್ಲರೂ. ನಾನು ಅವತ್ತು ಹೊಟ್ಟೆ ತುಂಬ ಉಂಡು ಮಲಗಿದೆ.

ಸುಗ್ಗಿಯ ಮೊದಲ ಕಾರ್ಯಕ್ರಮ ಹಿಪ್ಪರಗಿಯಲ್ಲಿ, ಒಂದು ಕಬ್ಬಿನ ಗೌಡರ ಮನೆಯ ಲಗ್ನ. ಸಂಜೆ ಬಿಸಿಲು ಇನ್ನೂ ಇಳಿದಿರಲಿಲ್ಲ. ಮೊದಲ ಹಾಡಿಗೆ ನಾನು ಕೈ ಹಾಕಿದ್ದೇ ತಡ, ಮುಂದೆ ಕೂತಿದ್ದ ಹೆಂಗಸರು ಸೆರಗಿನಿಂದ ಕಿವಿ ಮುಚ್ಚಿಕೊಂಡರು. ಒಂದು ಕೂಸು ಬಾಯಿ ತೆರೆದು ಅಳತೊಡಗಿತು. ಮಾಸ್ತರು ಹಾಡುತ್ತಲೇ ನನ್ನತ್ತ ತಿರುಗಿದರು. ಅವರ ತುಟಿಯ ಮೇಲೆ "ಕಡಿಮಿ ಮಾಡು, ಕಡಿಮಿ ಮಾಡು" ಎಂದು ಓದಿದೆ. ವಾಲ್ಯೂಮ್ ಇಳಿಸಿದೆ. ಆದರೂ ಮುಖಗಳು ಹಿಂಡಿಕೊಂಡೇ ಇದ್ದವು. ಮೂರನೆಯ ಹಾಡಿಗೆ ಮಾಸ್ತರೇ ಬಂದು ನನ್ನ ಗಿಟಾರಿನ ವಾಯರ್ ಕಿತ್ತರು. ಉಳಿದ ಹೊತ್ತು ನಾನು ದನಿಯಿಲ್ಲದ ಗಿಟಾರನ್ನು ಬಾರಿಸುತ್ತಿರುವವನಂತೆ ನಿಂತು ಕೈ ಆಡಿಸಿದೆ. ನಾಚಿಕೆಯಿಂದ ಸತ್ತುಹೋಗಬೇಕು ಅನಿಸಿತ್ತು.

ಅಲ್ಲಿಯೇ ಮಲಗಿ ಮರುದಿನ ಬೆಳಿಗ್ಗೆ ಬಸ್ಸಿಗೆ ಕಾಯುತ್ತ ನಾನೂ ಬೀರಪ್ಪನೂ ಹೊಳೆಯ ದಂಡೆಯ ಬೇವಿನ ಮರದ ಕೆಳಗೆ ಕೂತೆವು. ಬೀರಪ್ಪ ಬಹಳ ಹೊತ್ತು ತಂಬಾಕು ತಿಕ್ಕಿದ. ಆಮೇಲೆ ಹೇಳಿದ:

"ಈರ್ಯಾ, ಒಂದ ಕೆಲಸ ಮಾಡು. ಕಣ್ಣ ಮುಚ್ಚು. ನಿನಗ ಈಗ ಏನೇನ ಕೇಳಸಾಕತ್ತೈತಿ, ಹೇಳು."

"ಯಾಕಲೇ?"

"ಹೇಳಲಾ."

ಕಣ್ಣು ಮುಚ್ಚಿದೆ. "ಬ್ಯಾರೇಜಿನ ನೀರು. ಒಂದು ಟ್ರ್ಯಾಕ್ಟರ್. ಆಚಿ ದಂಡಿಗಿ ಪಂಪ್."

"ಮತ್ತ?"

"ಮತ್ತೇನಿಲ್ಲ."

"ಮತ್ತೇನೂ ಇಲ್ಲಾ?"

ಕಣ್ಣು ತೆರೆದೆ. ಬೀರಪ್ಪ ಗದ್ದ ಎತ್ತಿ ಮೇಲೆ ತೋರಿಸಿದ. ಬೇವಿನ ತುಂಬ ಗುಬ್ಬಿ. ನೂರೋ ಇನ್ನೂರೋ, ಟೊಂಗೆ ಟೊಂಗೆಗೆ ಜಗಳಾಡುತ್ತಿದ್ದವು. ಕೊಕ್ಕುಗಳು ತೆರೆದು ಮುಚ್ಚುತ್ತಿದ್ದವು. ನನಗೆ ಒಂದೂ ಕೇಳಿಸುತ್ತಿರಲಿಲ್ಲ.

"ಈ ಗದ್ದಲದಾಗ ನಾ ಒದರಿ ಮಾತಾಡಾಕತ್ತೇನಿ ದೋಸ್ತ," ಅಂದ ಬೀರಪ್ಪ. "ಗಿಟಾರಿಗೆ ಏನೂ ಆಗಿಲ್ಲ."

ಕತ್ತಲಾದ ಮೇಲೂ ಒಂದು ಕುರಿಮರಿ ಎಲ್ಲಿ ಒದರಿತು ಎಂದು ಕಿವಿಯಿಂದಲೇ ಹುಡುಕುವ ಜನ ಬೀರಪ್ಪನ ಮನೆಯವರು. ಹೋದ ವರ್ಷವೇ ಅವನಿಗೆ ಅನುಮಾನ ಬಂದಿತ್ತಂತೆ, ಹೇಳಲು ಬಾಯಿ ಬಂದಿರಲಿಲ್ಲ. ಆಗ ಮಾಸ್ತರಿಗೆ ಸರಿ ಇಲ್ಲ ಅನಿಸಿದ್ದು ನಾನು ಕೊನೆ ಮುಟ್ಟಿಸಿದ್ದ ಟೋನಿನ ಗುಂಡಿಯ ಚೀರು. ನನಗೆ ಮೊದಲು ಅವನ ಮೇಲೆಯೇ ಸಿಟ್ಟು ಬಂತು. ಸಿಟ್ಟು ಇಳಿದ ಮೇಲೆ ನಗು ಬಂತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ನೆಲ ಅಗೆಸಿ, ಹೊಸ ಹಾಸುಗಲ್ಲು ಹಾಕಿಸಿ, ಆಮೇಲೂ ಡೊಂಕು ಅಂದಿದ್ದೆ. ಪಂಚಾಯಿತಿಗೆ ಕೂರಿಸಿದ ಆರು ಮಂದಿಯ ಕಿವಿಯನ್ನೂ ಅದೇ ಮಗ್ಗ ತಿಂದಿತ್ತು. ನಮ್ಮ ಇಡೀ ಓಣಿಯಲ್ಲಿ ಆ ಗಿಟಾರ್ ಚೀರುತ್ತಿದೆ ಎಂದು ಹೇಳಬಲ್ಲ ಒಬ್ಬ ಮನುಷ್ಯನೂ ಇರಲಿಲ್ಲ. ಅವತ್ತು ಬಸ್ಸಿನಲ್ಲಿ ಅದನ್ನು ನೆನೆದು ಅತ್ತೆ.

ಜಮಖಂಡಿಯಲ್ಲಿ ಡಾಕ್ಟರಿಗೆ ತೋರಿಸಿದೆ. ಮಗ್ಗದ ಗದ್ದಲಕ್ಕೆ ಮೊದಲು ಸಣ್ಣ ಚೂಪು ದನಿ ಕೇಳುವ ಶಕ್ತಿ ಹೋಗುತ್ತದೆ, ಹೋದದ್ದು ಬರುವುದಿಲ್ಲ, ಅಂದರು. ಪೂರ್ತಿ ಹೋಗದೆ ಬರೀ ದಣಿದ ಕಿವಿಯಿದ್ದರೆ, ಗದ್ದಲದಿಂದ ಬೇಗ ದೂರ ಇಟ್ಟರೆ ಸ್ವಲ್ಪ ಚೇತರಿಸಿಕೊಂಡೀತು, ಅಂದರು. ಮನೆಗೆ ಬಂದರೆ ಕರೆಂಟು ಹೋಗಿ ಓಣಿ ತಣ್ಣಗಿತ್ತು. ಕಸ್ತೂರಿ ಹೊಸ್ತಿಲ ಮೇಲೆ ಅಕ್ಕಿ ಆರಿಸುತ್ತಿದ್ದಳು. ನುಚ್ಚಿಗೆ ಬಂದ ಗುಬ್ಬಿಗಳು ಅವಳ ಕಾಲ ಹತ್ತಿರವೇ ಕುಪ್ಪಳಿಸುತ್ತಿದ್ದವು.

"ಇವು ಒದರೂದು ನಿನಗ ಕೇಳತೈತೇನು?" ಅಂದೆ.

"ಕೇಳತೈತಿ," ಅಂದಳು. ಆಮೇಲೆ ಮೊರ ಕೆಳಗಿಟ್ಟು, "ಸಣ್ಣಗ. ಆಚಿ ಓಣ್ಯಾಗ ಒದರಿದಂಗ."

ಗುಬ್ಬಿ ಅವಳ ಕಾಲುಂಗುರದಿಂದ ಒಂದು ಗೇಣು ದೂರದಲ್ಲಿತ್ತು.

ಮರುದಿನವೇ ಗಲಗಲಿಗೆ ಹೋದೆ. ಬೀರಪ್ಪನ ಮನೆಯ ಕಟ್ಟೆಯ ಮೇಲೆ ಗಿಟಾರ್ ಬಿಚ್ಚಿ ಹೊಸ ಕಂಡೆನ್ಸರ್ ಬೆಸೆದೆ, ಪಿಕಪ್ಪುಗಳನ್ನು ಇಳಿಸಿದೆ. ನಾನು ಗುಂಡಿ ತಿರುಗಿಸುತ್ತಾ ಹೋದೆ, ಅವನು ಕಣ್ಣು ಮುಚ್ಚಿ ಕೇಳುತ್ತಾ ಹೋದ. ಒಂದು ಕಡೆ "ಸಾಕ್, ಸಾಕ್" ಅಂದ. ನನಗೆ ಅದು ಗೋಣಿಚೀಲದೊಳಗಿನ ದನಿ. ಅವನು, "ಏನ್ ಛಲೋ ಐತಿಲೇ ಇದು, ಜೇನು!" ಅಂದ. ಆ ಜಾಗಕ್ಕೆ ಸುಣ್ಣದ ಒಂದು ಬೊಟ್ಟು ಇಟ್ಟುಕೊಂಡೆ.

ಆ ಇಡೀ ಸುಗ್ಗಿ ಆ ಬೊಟ್ಟನ್ನು ನೋಡಿ ಬಾರಿಸಿದೆ. ಹಗಲು ಮಗ್ಗ, ಸಂಜೆ ಹಂದರ, ಬಸ್ಸಿನ ಸೀಟಿನಲ್ಲೇ ನಿದ್ದೆ. ನನ್ನ ಬೆರಳಿನಿಂದ ಏನು ಹೊರಡುತ್ತಿದೆ ಎಂದು ಜನರ ಮುಖ ನೋಡಿ ತಿಳಿಯಬೇಕಾಗಿತ್ತು. ಮುಖಗಳು ಅರಳುತ್ತಿದ್ದವು. ಮುಧೋಳದ ಒಂದು ಲಗ್ನದಲ್ಲಿ ಒಬ್ಬ ಮುದುಕರು ಬಂದು ನನ್ನ ಕೈ ಹಿಡಿದು ಕಣ್ಣಿಗೊತ್ತಿಕೊಂಡರು. ಹೊಸ ಪಿಕಪ್ ನಿಜವಾಗಿಯೂ ಒಳ್ಳೆಯವಿದ್ದವಂತೆ. ಎಲ್ಲರೂ ಹೇಳಿದರು, ನಾನೂ ನಂಬಿದೆ. ಬಸವ ಜಯಂತಿ ಕಳೆದ ಮೇಲೆ ಮಾಸ್ತರು, "ಆತು ಈರಣ್ಣ, ನೀ ಇನ್ನ ನಮ್ಮಂವ. ಶೆಡ್ಡಿಗಿ ಹೇಳಿ ಬಂದಬಿಡು," ಅಂದರು.

ಆ ಹೊತ್ತಿಗೆ ನನ್ನ ಲೆಕ್ಕ ಬೇರೆಯಾಗಿತ್ತು. ಇಬ್ಬರಲ್ಲಿ ಒಬ್ಬರು ಮಾತ್ರ ಆ ಶೆಡ್ಡು ಬಿಡಬಹುದು. ಕಸ್ತೂರಿಗೆ ಹೇಳಿದೆ: ನಾನು ಜಾಬರ್ ಆಗಿಯೇ ಇರುತ್ತೇನೆ, ರಜೆ ಹಾಕಿದವರ ಪಾಳಿಯನ್ನೂ ಹಿಡಿಯುತ್ತೇನೆ, ನೀನು ಕಂಡಿಕೆ ಬಿಡು, ಮನೆಯಲ್ಲಿ ಕೂತು ಸೀರೆಯ ಸೆರಗಿಗೆ ಕುಚ್ಚು ಕಟ್ಟು.

ಅವಳು ಸಿಡಿದೆದ್ದಳು. "ಹುಚ್ಚ ಹಿಡದೈತೇನ್ರಿ? ವರ್ಷಗಟ್ಟಲೆ ಅದಕ್ಕ ಕೈ ಸವಿಸೀರಿ. ಈಗ ಕರದು ಕೊಡಾಕತ್ತಾರ, ಒಲ್ಲೆ ಅಂತೀರಿ?"

"ನಂದು ಹೋಗೇತಿ ಕಸ್ತೂರಿ. ಹೋದ ಕಿವಿ ತಗೊಂಡು ನಾ ಎಲ್ಲಿ ಕುಂತರೇನು? ನಿಂದಿನ್ನೂ ಐತಿ."

"ನನ್ನ ಕಿವಿಯಿಂದ ಏನಾಗಬೇಕಾಗೇತಿ? ನಾ ಏನ್ ಬಾರಸಾಕ್ಯೇನು, ಹಾಡಾಕ್ಯೇನು?"

ಮೂರು ದಿನ ಮನೆಯಲ್ಲಿ ಮಾತಿರಲಿಲ್ಲ, ತುಟಿಯಲ್ಲೂ ಇರಲಿಲ್ಲ. ನಾಲ್ಕನೆಯ ದಿನ ನಾನೇ ಶೆಡ್ಡಿನ ಮಾಲಕರಿಗೆ ಹೇಳಿ ಅವಳ ಹೆಸರು ತೆಗೆಸಿದೆ. ಜಮಖಂಡಿಗೆ ಹೋಗಿ ಮಾಸ್ತರಿಗೂ ಆಗುವುದಿಲ್ಲ ಅಂದೆ. ಕಾರಣ ಕೇಳಿದರು, ಮನೆಯ ತಾಪತ್ರಯ ಅಂದೆ. ಗಿಟಾರ್ ಪಾರ್ಟಿಯಲ್ಲೇ ಉಳಿಯಲಿ ಎಂದು ಕೊಟ್ಟು ಬಂದೆ. ಬರುವಾಗ ಹೆಗಲು ಹಗುರಾಗಿತ್ತು, ಅದೇ ನನಗೆ ತಡೆಯಲಾಗಲಿಲ್ಲ.

ಮೃಗಶಿರಾ ಮಳೆ ಆ ವರ್ಷ ಸರಿಯಾಗಿ ಹತ್ತಿತು. ಓಣಿಯ ಧೂಳು ಅಡಗಿತು, ಗೋಡೆಗಳು ನೆನೆದವು. ಕಸ್ತೂರಿ ಸಿಟ್ಟಿನಲ್ಲೇ ಕುಚ್ಚು ಕಟ್ಟುತ್ತಿದ್ದಳು. ಮನೆ ಬಿಕೋ ಅನ್ನುತ್ತದೆ, ತಲೆ ಕೆಡುತ್ತದೆ ಎಂದು ದಿನಾ ಗೊಣಗುತ್ತಿದ್ದಳು. ಹೀಗೇ ಒಂದು ತಿಂಗಳು ಕಳೆದಿರಬೇಕು. ಒಂದು ಸಂಜೆ, ದೀಪ ಹಚ್ಚುವ ಹೊತ್ತಿಗೆ, ನಾನು ಪಾಳಿ ಮುಗಿಸಿ ಬಂದು ಕೈಕಾಲು ತೊಳೆಯುತ್ತಿದ್ದೆ. ಅವಳು ಕುಚ್ಚು ಕೆಳಗಿಟ್ಟು ಎದ್ದು ಬಂದಳು.

"ಏನ್ರಿ, ಆ ಗ್ವಾಡಿ ಸಂದ್ಯಾಗ ಏನೋ ಒಂದ ಹುಳಾ ಕುಂತೈತಿ. ನಾಲ್ಕ ದಿನಾ ಆತು, ಸಂಜಿ ಆದ್ರ ಸಾಕು, ಕಿರ್ರ್ ಅಂತ ಹಚ್ಚತೈತಿ. ತಲಿ ಚಿಟ್ಟ ಹಿಡದೈತಿ ನಂಗ. ಅದನ್ನಷ್ಟ ಹುಡುಕಿ ಹೊರಗ ಒಗೀರಿ."

ಕೈ ಒರೆಸಿಕೊಂಡು ಹೋಗಿ ಅವಳು ತೋರಿಸಿದ ಕಡೆ ಗೋಡೆಗೆ ಕಿವಿಯಿಟ್ಟೆ. ತಣ್ಣನೆಯ ಮಣ್ಣು ಕೆನ್ನೆಗೆ ಹತ್ತಿತು, ಮತ್ತೇನೂ ಇಲ್ಲ.

"ಈಗೂ ಒದರಾಕತ್ತೈತೇನು?" ಅಂದೆ.

"ಅಯ್ಯ, ಅಷ್ಟ ಜೋರ ಒದರಾಕತ್ತೈತಿ!"

ಬ್ಯಾಟರಿ ಹಿಡಿದು ಸಂದಿ ಸಂದಿಗೆ ಬೆಳಕು ಬಿಟ್ಟೆ. ಒಂದು ಇಟ್ಟಿಗೆಯ ಹಿಂದೆ ಜೀರುಂಡೆ ಕೂತಿತ್ತು, ರೆಕ್ಕೆ ನಡುಗುತ್ತಿತ್ತು. ಬೆರಳು ಹಾಕಿದ್ದರೆ ಸಿಗುತ್ತಿತ್ತು. ನಾನು ಬ್ಯಾಟರಿ ಆರಿಸಿದೆ.

"ಸಿಗವಲ್ದು," ಅಂದೆ.